ಮರಳುಕಣದ ಕೆಂಪು ಪೊರೆ ಮತ್ತು ಬಾವಿಯ ಪಾಷಾಣ

ಬಂಗಾಳದ ಬಯಲಿನಲ್ಲಿ ಕೊಳವೆ ಬಾವಿ ಕೊರೆಯುವ ಹಳೆಯ ಕ್ರಮಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಬಿದಿರಿನ ಅಟ್ಟಣೆ ಕಟ್ಟಿ, ಸನ್ನೆಗೋಲಿನ ಸಹಾಯದಿಂದ ಇಬ್ಬರು ಮೂವರು ಆಳುಗಳು ಕೊಳವೆಯನ್ನು ಎತ್ತಿ ಎತ್ತಿ ನೆಲಕ್ಕೆ ಕುಕ್ಕುತ್ತಾರೆ; ಅಟ್ಟಣೆಯ ಮೇಲೆ ಕುಳಿತ ಒಬ್ಬನು ಕೊಳವೆಯ ಬಾಯಿಗೆ ಅಂಗೈ ಒತ್ತಿ, ಅದು ಮೇಲೇರುವಾಗ ಮುಚ್ಚುತ್ತಾನೆ, ಕೆಳಗಿಳಿಯುವಾಗ ತೆರೆಯುತ್ತಾನೆ. ಅವನ ಅಂಗೈಯೇ ಇಲ್ಲಿ ಕವಾಟ. ಕೈ ಸರಿದಾಗಲೆಲ್ಲ ಕೆಸರುನೀರಿನೊಂದಿಗೆ ಆಳದ ಮರಳು ಚಿಮ್ಮಿ ಹೊರಬರುತ್ತದೆ. ಆ ಮರಳು ಬೂದು ಬಣ್ಣದ್ದೋ ಕಿತ್ತಳೆಗೆಂಪಿನದ್ದೋ ಎಂಬುದು ಅಲ್ಲಿ ಕುಳಿತವನ ಕಣ್ಣಿಗೆ ಮೊದಲು ಬೀಳುವ ಸಂಗತಿ. ಅದೇ ಬಾವಿಯ ನೀರನ್ನು ಇಪ್ಪತ್ತು ವರ್ಷ ಕುಡಿಯಲಿರುವ ಮನೆಯ ಆರೋಗ್ಯದ ವಿಷಯದಲ್ಲಿ ಬಹುಪಾಲು ಮಾತನ್ನು ಆ ಬಣ್ಣವೇ ಹೇಳಿಬಿಡುತ್ತದೆ ಎಂಬುದು ವಿಜ್ಞಾನಿಗಳಿಗೆ ಖಚಿತವಾದದ್ದು ತೀರ ಈಚೆಗೆ.

ಎರಡು ಬಗೆಯ ಮರಳಿನಲ್ಲಿಯೂ ಒಳಗಿರುವುದು ಹೆಚ್ಚು ಕಡಿಮೆ ಅದೇ ಬೆಣಚುಕಲ್ಲಿನ ಮತ್ತು ಅಭ್ರಕದ ಕಣಗಳು. ವ್ಯತ್ಯಾಸವಿರುವುದು ಕಣದ ಮೈಮೇಲಿನ ಪೊರೆಯಲ್ಲಿ. ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿರುವ, ಕಬ್ಬಿಣದ ಆಕ್ಸೈಡಿನಿಂದಾದ, ಸರಳವಾಗಿ ಹೇಳುವುದಾದರೆ ತುಕ್ಕಿನ ಪೊರೆ ಅದು. ಅದು ಇದ್ದಲ್ಲಿ ಮರಳು ಕೆಂಪಗೆ ಕಾಣುತ್ತದೆ, ಕರಗಿಹೋದಲ್ಲಿ ಬೂದಾಗುತ್ತದೆ. ನಮ್ಮ ಹಿರಿಯರು ಪಾಷಾಣವೆಂದು ಹೆದರುತ್ತಿದ್ದ ಆರ್ಸೆನಿಕ್ ನೀರಿಗೆ ಇಳಿಯದಂತೆ ಹಿಡಿದಿಟ್ಟುಕೊಳ್ಳುವುದು ಈ ಪೊರೆ. ಅದನ್ನು ನೀರಿಗೆ ಬಿಟ್ಟುಕೊಡುವುದೂ ಇದೇ ಪೊರೆ.

ಇಷ್ಟು ತೆಳುವಾದ ಲೇಪವೊಂದು ಅಷ್ಟು ಬಲವಾಗಿ ಹಿಡಿಯುವುದು ಹೇಗೆ? ಮೊದಲ ಕಾರಣ ಅದರ ಮೇಲ್ಮೈಯ ವಿಸ್ತಾರ. ನೀರಿನಲ್ಲಿ ಕರಗಿದ ಕಬ್ಬಿಣಕ್ಕೆ ಗಾಳಿ ತಾಗಿದೊಡನೆ ಮೊದಲು ಹುಟ್ಟುವ ಖನಿಜಕ್ಕೆ ಫೆರಿಹೈಡ್ರೈಟ್ ಎಂದು ಹೆಸರು. ಅದರ ಕಣಗಳು ಎಷ್ಟು ಸೂಕ್ಷ್ಮವೆಂದರೆ ಒಂದು ಗ್ರಾಂ ಪುಡಿಯ ಒಟ್ಟು ಮೇಲ್ಮೈ ಸುಮಾರು 200ರಿಂದ 600 ಚದರ ಮೀಟರ್ ಆಗುತ್ತದೆ. ಒಂದು ವಾಲಿಬಾಲ್ ಅಂಕಣದ ವಿಸ್ತೀರ್ಣ 162 ಚದರ ಮೀಟರ್ ಎಂಬುದನ್ನು ನೆನೆದರೆ, ಒಂದು ಚಿಟಿಕೆ ತುಕ್ಕಿನಲ್ಲಿ ಎರಡು ಮೂರು ಆಟದ ಅಂಕಣಗಳು ಮಡಿಚಿ ಕುಳಿತಿವೆ ಎಂದಾಯಿತು. ಎರಡನೆಯ ಕಾರಣ ಆ ಮೇಲ್ಮೈಯ ಸ್ವಭಾವ. ಅದರ ತುಂಬ ಆಕ್ಸಿಜನ್ ಮತ್ತು ಹೈಡ್ರೋಜನ್ ಸೇರಿದ ಹೈಡ್ರಾಕ್ಸಿಲ್ ಎಂಬ ಗುಂಪುಗಳು ನಿಂತಿರುತ್ತವೆ. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರ ಎಂಬುದನ್ನು ಹೇಳುವ ಪಿಎಚ್ ಮೌಲ್ಯ ಸುಮಾರು 8ಕ್ಕಿಂತ ಕಡಿಮೆಯಿದ್ದರೆ ಈ ಮೇಲ್ಮೈಗೆ ಧನ ವಿದ್ಯುದಂಶ ಬರುತ್ತದೆ. ಗಾಳಿಯ ಸಂಪರ್ಕವಿರುವ ನೀರಿನಲ್ಲಿ ಆರ್ಸೆನಿಕ್ ಇರುವುದು ಆರ್ಸೆನೇಟ್ ಎಂಬ ಋಣ ವಿದ್ಯುದಂಶದ ರೂಪದಲ್ಲಿ. ಆದ್ದರಿಂದ ಒಂದು ಇನ್ನೊಂದನ್ನು ಸೆಳೆಯುತ್ತದೆ. ಸೆಳೆತ ಅಷ್ಟಕ್ಕೇ ನಿಲ್ಲದೆ, ಆರ್ಸೆನೇಟ್ ಕಣವು ಎರಡು ಹೈಡ್ರಾಕ್ಸಿಲ್‌ಗಳನ್ನು ಪಕ್ಕಕ್ಕೆ ಸರಿಸಿ, ಕಬ್ಬಿಣದ ಎರಡು ಪರಮಾಣುಗಳ ಜೊತೆ ನೇರ ರಾಸಾಯನಿಕ ಬಂಧವನ್ನೇ ಕಟ್ಟಿಕೊಳ್ಳುತ್ತದೆ. ಪಠ್ಯಪುಸ್ತಕಗಳು ಇದನ್ನು ಅಧಿಶೋಷಣೆ ಎಂದು ಕರೆಯುತ್ತವೆ. ಬಟ್ಟೆಯು ನೀರನ್ನು ಒಳಕ್ಕೆ ಹೀರಿಕೊಳ್ಳುವುದು ಬೇರೆ, ವಸ್ತುವೊಂದು ಇನ್ನೊಂದರ ಹೊರಮೈಗೆ ಅಂಟಿ ನಿಲ್ಲುವ ಇದು ಬೇರೆ.

ಆದರೆ ಅಂಟಿಕೊಳ್ಳುವ ಜಾಗಗಳಿಗೆ ಲೆಕ್ಕವಿದೆ, ಆ ಜಾಗಗಳನ್ನು ಬಯಸುವವರು ಹಲವರು. ಫಾಸ್ಫೇಟ್ ರೂಪದಲ್ಲಿಯೂ ಗುಣದಲ್ಲಿಯೂ ಆರ್ಸೆನೇಟಿನ ದಾಯಾದಿ. ಅದು ನೀರಿನಲ್ಲಿ ಹೆಚ್ಚಾದರೆ ಆರ್ಸೆನಿಕ್ಕನ್ನು ಎಬ್ಬಿಸಿ ತಾನು ಕೂರುತ್ತದೆ. ಸಿಲಿಕೇಟ್ ಮತ್ತು ಬೈಕಾರ್ಬನೇಟುಗಳು ಅಷ್ಟು ಬಲಶಾಲಿಗಳಲ್ಲವಾದರೂ ಪ್ರಮಾಣದಲ್ಲಿ ಬಹಳ ಹೆಚ್ಚಿರುವುದರಿಂದ ಒಂದಿಷ್ಟು ಜಾಗವನ್ನು ಕಸಿಯುತ್ತವೆ. ನೀರು ಹೆಚ್ಚು ಕ್ಷಾರವಾದರೆ ಮೇಲ್ಮೈಯ ವಿದ್ಯುದಂಶವೇ ತಿರುಗಿ ಋಣವಾಗಿ, ಆರ್ಸೆನೇಟಿನ ಹಿಡಿತ ಸಡಿಲಗೊಳ್ಳುತ್ತದೆ. ಸೀಸ, ಕ್ಯಾಡ್ಮಿಯಂ, ನಿಕಲ್ ಮುಂತಾದವು ನೀರಿನಲ್ಲಿ ಧನ ವಿದ್ಯುದಂಶದಿಂದಿರುವ ಲೋಹಗಳು. ಅವುಗಳ ಕಥೆ ಇದಕ್ಕೆ ತಿರುಗುಮುರುಗು, ನೀರು ಆಮ್ಲೀಯವಾದಷ್ಟೂ ಅವು ಪೊರೆಯಿಂದ ಕಳಚಿಕೊಳ್ಳುತ್ತವೆ. ಕಬ್ಬಿಣದ ಪೊರೆಯ ಜೊತೆಗೆ ಹಲವು ಕಡೆ ಕಪ್ಪು ಬಣ್ಣದ ಮ್ಯಾಂಗನೀಸ್ ಆಕ್ಸೈಡಿನ ಪೊರೆಯೂ ಇರುತ್ತದೆ. ಸಾಮಾನ್ಯ ನೀರಿನಲ್ಲಿ ಅದರ ಮೈ ಋಣ ವಿದ್ಯುದಂಶದ್ದು, ಆದಕಾರಣ ಅದು ಸೀಸ, ಕೋಬಾಲ್ಟುಗಳಂಥ ಲೋಹಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಆರ್ಸೆನಿಕ್ಕಿನ ಹೆಚ್ಚು ವಿಷಕಾರಿ ರೂಪವಾದ ಆರ್ಸೆನೈಟನ್ನು ಆರ್ಸೆನೇಟಾಗಿ ಬದಲಿಸಿ ಕಬ್ಬಿಣಕ್ಕೆ ಹಿಡಿಯಲು ಸುಲಭ ಮಾಡಿಕೊಡುವುದೂ ಅದೇ. ಅದೇ ಮ್ಯಾಂಗನೀಸ್ ಕ್ರೋಮಿಯಂ ವಿಷಯದಲ್ಲಿ ಮಾತ್ರ ಕೆಡುಕು ಮಾಡುತ್ತದೆ: ಅಷ್ಟಾಗಿ ಅಪಾಯವಿಲ್ಲದ ಮೂರು ವೇಲೆನ್ಸಿಯ ಕ್ರೋಮಿಯಮ್ಮನ್ನು ವಿಷಕಾರಿಯಾದ ಆರು ವೇಲೆನ್ಸಿಯ ರೂಪಕ್ಕೆ ತಿರುಗಿಸಿ ನೀರಿಗೆ ಬಿಡುತ್ತದೆ.

ಹಿಮಾಲಯದಲ್ಲಿ ಗಂಧಕಯುಕ್ತ ಖನಿಜಗಳಿರುವ ಬಂಡೆಗಳು ಗಾಳಿ ಮಳೆಗಳಿಗೆ ಸವೆಯುವಾಗ ಅವುಗಳೊಳಗಿನ ಆರ್ಸೆನಿಕ್ ಹೊರಬರುತ್ತದೆ. ಅಲ್ಲಿಯೇ ಹುಟ್ಟುವ ತುಕ್ಕಿನ ಪೊರೆ ಅದನ್ನು ಹಿಡಿದುಕೊಳ್ಳುತ್ತದೆ, ಗಂಗಾ ಬ್ರಹ್ಮಪುತ್ರಾ ನದಿಗಳು ಆ ಪೊರೆಸಹಿತವಾದ ಮರಳನ್ನೂ ಹೂಳನ್ನೂ ಸಾವಿರಾರು ವರ್ಷಗಳಿಂದ ಬಂಗಾಳದ ಬಯಲಿಗೆ ತಂದು ಹಾಸಿವೆ. ಹಾಗೆಂದು ಅಲ್ಲಿನ ಮರಳಿನಲ್ಲಿ ಆರ್ಸೆನಿಕ್ ವಿಪರೀತವಾಗಿದೆಯೆಂದು ಭಾವಿಸಬಾರದು. ಒಂದು ಕಿಲೋಗ್ರಾಂ ಮರಳಿನಲ್ಲಿ ಕೆಲವೇ ಮಿಲಿಗ್ರಾಂ ಇರುವುದು, ಭೂಮಿಯ ಹೊರಪದರದ ಸರಾಸರಿಗಿಂತ ಅಂಥ ದೊಡ್ಡ ಅಂತರವಿಲ್ಲ. ಬಹುಕಾಲ ಎಲ್ಲರೂ ಮೈಮರೆತಿದ್ದಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನೆಲದಡಿಯ ಒಂದು ಲೀಟರ್ ಗಾತ್ರದ ಮರಳು ಪದರದಲ್ಲಿ ಸುಮಾರು 2 ಕಿಲೋಗ್ರಾಂ ಮರಳೂ ಅದರ ಸಂದುಗಳಲ್ಲಿ ಸುಮಾರು ಕಾಲು ಲೀಟರ್ ನೀರೂ ಇರುತ್ತವೆ. ಮರಳಿನಲ್ಲಿ ಕಿಲೋಗೆ 2 ಮಿಲಿಗ್ರಾಂ ಆರ್ಸೆನಿಕ್ ಇದ್ದರೆ ಒಟ್ಟು 4 ಮಿಲಿಗ್ರಾಂ ಆಯಿತು. ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ನೀರಿಗೆ ಇಳಿಯಿತೆನ್ನೋಣ. ಅದು 40 ಮೈಕ್ರೋಗ್ರಾಂ. ಕಾಲು ಲೀಟರಿನಲ್ಲಿ 40 ಎಂದರೆ ಲೀಟರಿಗೆ 160 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಪೊರೆಯಲ್ಲಿಯೇ ಉಳಿದರೂ ನೀರು ಮಿತಿಯ ಹದಿನಾರು ಪಟ್ಟು ಕೆಟ್ಟಿತು. ಮಣ್ಣಿನಲ್ಲಿ ಒಟ್ಟು ಎಷ್ಟು ವಿಷವಿದೆ ಎಂದಷ್ಟೇ ಕೇಳುವ ಪರೀಕ್ಷೆ ಇಂಥ ಕಡೆ ಸಾಲದು. ಅದನ್ನು ಹಿಡಿದಿರುವುದು ಯಾವುದು, ಯಾವ ಸ್ಥಿತಿ ಬಂದರೆ ಬಿಟ್ಟೀತು ಎಂದು ಕೇಳಲೇಬೇಕು.

ಬಂಗಾಳದಲ್ಲಿ ಆ ಸ್ಥಿತಿಯನ್ನು ತಂದದ್ದು ಮಣ್ಣಿನಲ್ಲಿ ಹೂತುಹೋದ ಎಲೆ, ಬೇರು, ಜೌಗಿನ ಕೊಳೆ. ನೆಲದಡಿಯ ಸೂಕ್ಷ್ಮಾಣುಜೀವಿಗಳು ಈ ಕೊಳೆಯನ್ನು ತಿಂದು ಬದುಕುತ್ತವೆ. ತಿಂದದ್ದನ್ನು ಅರಗಿಸಿಕೊಳ್ಳಲು ನಮಗೆ ಆಕ್ಸಿಜನ್ ಬೇಕಾದಂತೆ ಅವಕ್ಕೂ ಎಲೆಕ್ಟ್ರಾನುಗಳನ್ನು ಒಪ್ಪಿಸಲು ಯಾವುದಾದರೊಂದು ವಸ್ತು ಬೇಕು. ಮೊದಲು ನೀರಿನಲ್ಲಿದ್ದ ಆಕ್ಸಿಜನ್ ಮುಗಿಯುತ್ತದೆ, ನಂತರ ನೈಟ್ರೇಟ್, ಅನಂತರ ಮ್ಯಾಂಗನೀಸ್ ಆಕ್ಸೈಡ್. ಅದೂ ತೀರಿದ ಮೇಲೆ ಕಬ್ಬಿಣದ ಸರದಿ. ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ 1987ರಲ್ಲಿ ಡೆರೆಕ್ ಲವ್ಲಿ ಗುರುತಿಸಿದ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇಂಥ ಕೆಲಸಕ್ಕೆ ಹೆಸರಾದದ್ದು. ಕರಗದೆ ಗಟ್ಟಿಯಾಗಿ ಕುಳಿತ ತುಕ್ಕನ್ನು ಅದು ನುಂಗಲಾರದು. ಆದ್ದರಿಂದ ತನ್ನ ದೇಹದಿಂದ ಹೊರಚಾಚಿದ, ವಿದ್ಯುತ್ ಹರಿಯಬಲ್ಲ ನವಿರಾದ ಎಳೆಗಳ ಮೂಲಕ ಎಲೆಕ್ಟ್ರಾನುಗಳನ್ನು ಖನಿಜಕ್ಕೆ ದಾಟಿಸುತ್ತದೆ. ಎಲೆಕ್ಟ್ರಾನ್ ಪಡೆದ ಕಬ್ಬಿಣ ಮೂರು ವೇಲೆನ್ಸಿಯಿಂದ ಎರಡಕ್ಕೆ ಇಳಿದು ನೀರಿನಲ್ಲಿ ಕರಗುತ್ತದೆ. ಕೂರಲು ಜಾಗವೇ ಇಲ್ಲದಂತಾದ ಆರ್ಸೆನಿಕ್ ನೀರು ಪಾಲಾಗುತ್ತದೆ. ಕೆಂಪು ಮರಳು ಬೂದಾಗುವುದು ಹೀಗೆ. 1998ರಲ್ಲಿ ಈ ವಿವರಣೆಯನ್ನು ಬಂಗಾಳದ ನೀರಿನ ವಿಶ್ಲೇಷಣೆಯಿಂದ ಮುಂದಿಟ್ಟರು. 2004ರಲ್ಲಿ ಅಲ್ಲಿನ ಹೂಳನ್ನೇ ಪ್ರಯೋಗಾಲಯದಲ್ಲಿ ಗಾಳಿಯಾಡದಂತೆ ಇಟ್ಟು, ಆಹಾರ ಉಣಿಸಿದಾಗ ಬ್ಯಾಕ್ಟೀರಿಯಾಗಳು ಆರ್ಸೆನಿಕ್ಕನ್ನು ಬಿಡಿಸುವುದನ್ನು ಮ್ಯಾಂಚೆಸ್ಟರಿನ ತಂಡ ತೋರಿಸಿತು. ಕೊಳೆಯುವ ವಸ್ತು ಹೂಳಿನ ಜೊತೆಗೇ ಬಂದದ್ದೋ, ಮೇಲಿನ ಕೆರೆಕುಂಟೆಗಳಿಂದ ಇಳಿದದ್ದೋ ಎಂಬ ವಾದ ಆಮೇಲೆಯೂ ನಡೆದಿದೆ.

ಪೊರೆ ಕರಗಿದೊಡನೆ ಎಲ್ಲವೂ ನೀರಿಗೆ ಬರುತ್ತದೆಂದಿಲ್ಲ. ಉಳಿದ ಪೊರೆಯ ಮೇಲೆ ಒಂದಷ್ಟು ಆರ್ಸೆನಿಕ್ ಮರಳಿ ಕೂರುತ್ತದೆ. ನೀರಿನಲ್ಲಿ ಸಲ್ಫೇಟ್ ಸಾಕಷ್ಟಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೈಡ್ ಮಾಡಿ, ಕಬ್ಬಿಣದ ಸಲ್ಫೈಡ್ ರೂಪುಗೊಂಡು, ಅದು ಮತ್ತೆ ಆರ್ಸೆನಿಕ್ಕನ್ನು ಹಿಡಿಯಬಹುದು. ಒಂದೇ ಊರಿನಲ್ಲಿ ಅಕ್ಕಪಕ್ಕದ ಎರಡು ಬಾವಿಗಳ ಪೈಕಿ ಒಂದರ ನೀರು ಕುಡಿಯಲು ಯೋಗ್ಯವಾಗಿದ್ದು ಇನ್ನೊಂದರದು ವಿಷವಾಗಿರುವುದಕ್ಕೆ ನೆಲದಡಿಯ ಇಂಥ ಸಣ್ಣ ಸಣ್ಣ ವ್ಯತ್ಯಾಸಗಳೇ ಕಾರಣ.

ಮರಳಿನ ವಯಸ್ಸು ಇನ್ನೊಂದು ಮುಖ್ಯ ಸಂಗತಿ. ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಮೇಲೆದ್ದು ನಿಂತಿದ್ದ ಹಳೆಯ ಮರಳನ್ನು ಮಳೆನೀರು ದೀರ್ಘಕಾಲ ತೊಳೆದು, ಕೊಳೆಯನ್ನು ತೀರಿಸಿ, ಪೊರೆಯನ್ನು ಕೆಂಪಗೆ ಉಳಿಸಿತು. ಅನಂತರ ಸಮುದ್ರ ಏರಿದಾಗ ಅದರ ನಡುವಿನ ತಗ್ಗುಗಳನ್ನು ತುಂಬಿದ ಹೊಸ ಹೂಳು ಕೊಳೆಯ ಸಮೇತ ಹೂತುಹೋಗಿ ಬೂದಾಯಿತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಸಂಶೋಧಕರು ಬಾವಿ ಕೊರೆಯುವವರು ಬಳಸುವ ಬಣ್ಣದ ಹೆಸರುಗಳನ್ನೇ ಹಿಡಿದು, ಕಪ್ಪು, ಬಿಳಿ, ಮಾಸಲು ಬಿಳಿ, ಕೆಂಪು ಎಂದು ಮರಳನ್ನು ವಿಂಗಡಿಸಿ ನೀರನ್ನು ಪರೀಕ್ಷಿಸಿದರು. ಕಪ್ಪು ಮರಳಿನ ನೀರಿನಲ್ಲಿ ಆರ್ಸೆನಿಕ್ ಅತಿ ಹೆಚ್ಚು, ಕೆಂಪು ಮರಳಿನದ್ದರಲ್ಲಿ ಅತಿ ಕಡಿಮೆ. ಓದುಬರಹ ಬಾರದ ಕೂಲಿಯ ಅಂಗೈಗೆ ಬಂದ ಮರಳೇ ಇಷ್ಟು ಹೇಳಬಲ್ಲುದಾದರೆ ಅದನ್ನು ಊರೂರಿಗೆ ಕಲಿಸಬೇಕಾದದ್ದು ನ್ಯಾಯ.

ಏಕೆಂದರೆ ಈ ತಿಳಿವಳಿಕೆ ಇಲ್ಲದಿದ್ದಾಗ ಆದ ಅನಾಹುತ ಸಣ್ಣದಲ್ಲ. ಕೆರೆ ಹೊಂಡಗಳ ನೀರು ಕುಡಿದು ಕಾಲರಾ, ಭೇದಿಗಳಿಂದ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, ಯುನಿಸೆಫ್ ಮೊದಲಾದವರ ನೆರವಿನಿಂದ 1970ರ ದಶಕದಲ್ಲಿ ಕೊಳವೆ ಬಾವಿಗಳು ಹರಡಿದವು. ಉದ್ದೇಶ ಒಳ್ಳೆಯದೇ ಆಗಿತ್ತು. 1983ರ ಸುಮಾರಿಗೆ ಕೊಲ್ಕತ್ತದ ಚರ್ಮರೋಗ ತಜ್ಞ ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಹಳ್ಳಿಗರ ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಚುಕ್ಕೆಗಳನ್ನೂ ಅಂಗೈ ಅಂಗಾಲುಗಳಲ್ಲಿ ಗಟ್ಟಿಯಾದ ಗಂಟುಗಳನ್ನೂ ಕಂಡು, ಅದು ಆರ್ಸೆನಿಕ್ಕಿನ ವಿಷವೆಂದು ಗುರುತಿಸಿದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮುಂದೆ ದಶಕಗಳ ಕಾಲ ಹಳ್ಳಿ ಹಳ್ಳಿಯ ನೀರನ್ನು ಪರೀಕ್ಷಿಸಿದರು. ಬಾಂಗ್ಲಾದೇಶದಲ್ಲಿ ಇದು ಪತ್ತೆಯಾದದ್ದು 1993ರಲ್ಲಿ. ಬ್ರಿಟಿಷ್ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಮತ್ತು ಬಾಂಗ್ಲಾದೇಶದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಇಲಾಖೆ ಸೇರಿ ನಡೆಸಿ 2001ರಲ್ಲಿ ಪ್ರಕಟಿಸಿದ, 3,534 ಬಾವಿಗಳ ಸಮೀಕ್ಷೆಯಲ್ಲಿ, 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳ ಪೈಕಿ ಶೇ. 27ರಲ್ಲಿ ಆ ದೇಶದ ಮಿತಿಯಾದ 50 ಮೈಕ್ರೋಗ್ರಾಂಗಿಂತ ಹೆಚ್ಚು, ಶೇ. 46ರಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಅದಕ್ಕಿಂತ ಆಳದ ಬಾವಿಗಳಲ್ಲಿ 50ನ್ನು ಮೀರಿದ್ದು ಶೇ. 1 ಮಾತ್ರ. ಮುಂದೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಕೆಟ್ಟವುಗಳ ಬಾಯಿಗೆ ಕೆಂಪು, ಒಳ್ಳೆಯವುಗಳಿಗೆ ಹಸಿರು ಬಣ್ಣ ಬಳಿದರು. ಕೆಂಪಾದವು ಸುಮಾರು 14 ಲಕ್ಷ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯ ವ್ಯತ್ಯಾಸವೂ ಇಲ್ಲ, ಕುದಿಸಿದರೂ ಹೋಗುವುದಿಲ್ಲ.

ಇದೇ ನೀರು ಗದ್ದೆಗೂ ಹೋಗುತ್ತದೆ. ನೀರು ನಿಂತ ಭತ್ತದ ಗದ್ದೆಯೂ ಗಾಳಿಯಿಲ್ಲದ ಜಾಗವೇ ಆದ್ದರಿಂದ ಅಲ್ಲಿಯೂ ತುಕ್ಕು ಕರಗಿ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಆದರೆ ಭತ್ತದ ಸಸಿ ತನ್ನ ಕಾಂಡದೊಳಗಿನ ಗಾಳಿನಾಳಗಳ ಮೂಲಕ ಬೇರಿಗೆ ಆಕ್ಸಿಜನ್ ಇಳಿಸುತ್ತದೆ, ಅದರಲ್ಲಿ ಒಂದಿಷ್ಟು ಹೊರಕ್ಕೆ ಸೋರಿ, ಬೇರಿನ ಸುತ್ತ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ. ಕೆಸರಿನಿಂದ ಕಿತ್ತ ಸಸಿಯ ಬೇರನ್ನು ತೊಳೆದು ನೋಡಿದರೆ ಕಾಣುವ ಕಂದುಗೆಂಪು ಇದೇ ಪೊರೆ. ಆರ್ಸೆನಿಕ್ಕಿನ ಒಂದು ಪಾಲನ್ನು ಅದು ಬೇರಿನ ಹೊರಗೇ ತಡೆಯುತ್ತದೆ. ಗದ್ದೆಯ ನೀರನ್ನು ಆಗಾಗ ಬಸಿದು ಒಣಗಿಸಿದರೆ ಅಕ್ಕಿಯಲ್ಲಿ ಆರ್ಸೆನಿಕ್ ಕಡಿಮೆಯಾಗುವುದು ನಿಜ. ಆದರೆ ಕ್ಯಾಡ್ಮಿಯಂ ಇರುವ ಮಣ್ಣಿನಲ್ಲಿ ಹಾಗೆ ಮಾಡಿದರೆ ಫಲ ಉಲ್ಟಾ. ನೀರು ನಿಂತಾಗ ಸಲ್ಫೈಡಾಗಿ ಕಟ್ಟಿಬಿದ್ದಿದ್ದ ಕ್ಯಾಡ್ಮಿಯಂ ಗಾಳಿ ತಾಗಿದೊಡನೆ ಕರಗಿ ಕಾಳಿಗೆ ಏರುತ್ತದೆ. ಗಣಿಯ ಕ್ಯಾಡ್ಮಿಯಂ ಸೇರಿದ ಅಕ್ಕಿ ಮತ್ತು ನೀರಿನಿಂದ ಮೂಳೆ ಮುರಿಯುವ ಇಟಾಯಿ ಇಟಾಯಿ ರೋಗವನ್ನು ಜಿನ್ಜು ನದಿಯ ದಂಡೆಯಲ್ಲಿ ಕಂಡ ಜಪಾನಿನಲ್ಲಿ, ತೆನೆ ಬಿಡುವ ಸಮಯದಲ್ಲಿ ಗದ್ದೆಯ ನೀರು ಬತ್ತದಂತೆ ನೋಡಿಕೊಳ್ಳುವಂತೆ ರೈತರಿಗೆ ಹೇಳುವುದು ಇದಕ್ಕಾಗಿಯೇ.

ಊರಿನ ನಲ್ಲಿಯ ನೀರಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಹಳೆಯ ಸೀಸದ ಕೊಳವೆಗಳ ಒಳಮೈಯಲ್ಲಿ ವರ್ಷಗಟ್ಟಲೆ ಕಟ್ಟಿದ ಖನಿಜದ ಪೊರೆಯೇ ಸೀಸಕ್ಕೂ ನೀರಿಗೂ ನಡುವಿನ ಗೋಡೆ. ವಾಷಿಂಗ್ಟನ್ ನಗರದಲ್ಲಿ 2000ದ ನವೆಂಬರಿನಲ್ಲಿ ನೀರಿನ ಸೋಂಕು ನಿವಾರಕವನ್ನು ಕ್ಲೋರಿನ್‌ನಿಂದ ಕ್ಲೋರಮೀನ್‌ಗೆ ಬದಲಿಸಿದರು. ಪ್ರಬಲವಾದ ಕ್ಲೋರಿನ್ ಇದ್ದಾಗ ಮಾತ್ರ ಸ್ಥಿರವಾಗಿರಬಲ್ಲ ಸೀಸದ ಡೈಆಕ್ಸೈಡಿನ ಪೊರೆ ಆಗ ಕರಗತೊಡಗಿ, ಮನೆಗಳ ನೀರಿನಲ್ಲಿ ಸೀಸ ಏರಿತು. ಬದಲಾವಣೆಯ ಉದ್ದೇಶ ಕ್ಲೋರಿನ್ನಿನಿಂದ ಹುಟ್ಟುವ ಬೇರೆ ಹಾನಿಕರ ವಸ್ತುಗಳನ್ನು ತಗ್ಗಿಸುವುದಾಗಿತ್ತು. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲಿನಲ್ಲಿ ಹಣ ಉಳಿಸಲೆಂದು ನೀರಿನ ಮೂಲವನ್ನು ಸ್ಥಳೀಯ ನದಿಗೆ ಬದಲಿಸಿದಾಗ, ಪೊರೆಯನ್ನು ಕಾಪಾಡುವ ಫಾಸ್ಫೇಟನ್ನು ಬೆರೆಸಲೇ ಇಲ್ಲ. ಆ ನದಿಯ ನೀರಿನಲ್ಲಿ ಕ್ಲೋರೈಡೂ ಹೆಚ್ಚಿತ್ತು. 2015ರ ಅಕ್ಟೋಬರಿನಲ್ಲಿ ಹಳೆಯ ಮೂಲಕ್ಕೆ ಮರಳುವಷ್ಟರಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಷಾ ಲೆಕ್ಕಸಮೇತ ತೋರಿಸಿದ್ದರು. ಮರಳಿನ ಪೊರೆಯಿಂದ ಆರ್ಸೆನಿಕ್ಕನ್ನು ಎಬ್ಬಿಸುವ ಅದೇ ಫಾಸ್ಫೇಟ್ ಕೊಳವೆಯಲ್ಲಿ ಸೀಸವನ್ನು ಕಟ್ಟಿಹಾಕುತ್ತದೆ.

ನಮ್ಮ ಕರ್ನಾಟಕದಲ್ಲಿ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರಲ್ಲಿಯೂ ಆರ್ಸೆನಿಕ್ಕಿನ ಚರ್ಮರೋಗ ಕಂಡುಬಂತು. ಚಕ್ರವರ್ತಿಯವರ ತಂಡ 2013ರಲ್ಲಿ ಅದನ್ನು ವರದಿ ಮಾಡಿತು. ಅಲ್ಲಿನ ಮಂಗಳೂರು ಶಿಲಾಪಟ್ಟಿ (ಕರಾವಳಿಯ ಮಂಗಳೂರಿಗೂ ಇದಕ್ಕೂ ಸಂಬಂಧವಿಲ್ಲ) ಹಳೆಯ ಚಿನ್ನದ ಗಣಿಗಳ ಜಾಗ. ಚಿನ್ನದ ಜೊತೆಗೆ ಬಂಡೆಯಲ್ಲಿರುವ ಆರ್ಸೆನೋಪೈರೈಟ್ ಎಂಬ ಖನಿಜದಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿವೆ. ಇಂಥ ಬಂಡೆಯ ರಸಾಯನ ಬಂಗಾಳದ ಮರಳಿನದಕ್ಕೆ ವಿರುದ್ಧ ದಿಕ್ಕಿನದು: ಅಲ್ಲಿ ಗಾಳಿ ಇಲ್ಲದ್ದರಿಂದ ವಿಷ ಬಿಡುಗಡೆಯಾದರೆ, ಇಲ್ಲಿ ಗಾಳಿ ತಾಗುವುದರಿಂದ ಸಲ್ಫೈಡ್ ಒಡೆದು ವಿಷ ಹೊರಬರುತ್ತದೆ. ಹೊರಬಂದ ಕಬ್ಬಿಣ ತುಕ್ಕಾಗಿ ಅದರಲ್ಲೊಂದು ಪಾಲನ್ನು ಮತ್ತೆ ಹಿಡಿಯುತ್ತದೆ. ಗಣಿಯ ತ್ಯಾಜ್ಯದ ರಾಶಿ ಮೇಲೆ ಕೆಂಪಗೆ ಗಟ್ಟಿಯಾಗಿ ಕಂಡಿತೆಂದು, ಅದರ ಒಳಗೇನಿದೆ ಎಂದು ನೋಡದೆ ಸುಮ್ಮನಾಗುವುದು ತಪ್ಪಾಗುತ್ತದೆ.

ಪೊರೆಯ ಈ ಗುಣವನ್ನೇ ಶುದ್ಧೀಕರಣಕ್ಕೂ ಬಳಸಿದ್ದಾರೆ. ಅಬುಲ್ ಹುಸಾಮ್ ರೂಪಿಸಿದ, 2007ರಲ್ಲಿ ಗ್ರೇಂಜರ್ ಪ್ರಶಸ್ತಿ ಪಡೆದ ಸೋನೋ ಫಿಲ್ಟರಿನಲ್ಲಿ ಮರಳು, ಇದ್ದಿಲುಗಳ ಜೊತೆ ಕಬ್ಬಿಣದ ಮಿಶ್ರಣವೊಂದಿರುತ್ತದೆ. ನೀರು ಹಾಯುವಾಗ ಅದು ತುಕ್ಕು ಹಿಡಿಯುತ್ತ ಆರ್ಸೆನಿಕ್ಕನ್ನು ಎಳೆದುಕೊಳ್ಳುತ್ತದೆ. ಕಬ್ಬಿಣಾಂಶವಿರುವ ಬಾವಿಯ ನೀರನ್ನು ತಂಬಿಗೆಯಲ್ಲಿ ಹಿಡಿದಿಟ್ಟರೆ ಮೊದಲು ತಿಳಿಯಾಗಿದ್ದದ್ದು ಸ್ವಲ್ಪ ಹೊತ್ತಿಗೆ ಮಬ್ಬಾಗಿ, ಆಮೇಲೆ ತಳದಲ್ಲಿ ಕೆಂಚು ಪುಡಿ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಆ ಪುಡಿ ಅದರ ಒಂದಂಶವನ್ನು ತನ್ನೊಂದಿಗೆ ತಳಕ್ಕೆ ಒಯ್ದಿರುತ್ತದೆ. ಆದಕಾರಣ ಪರೀಕ್ಷೆಗೆ ನೀರು ಒಯ್ಯುವವರು ಬಾಟಲಿಗೆ ಬಾವಿಯ ಬಳಿಯೇ ಕೆಲವು ಹನಿ ಆಮ್ಲ ಬಿಡಬೇಕು. ಬಿಡದಿದ್ದರೆ ಆರ್ಸೆನಿಕ್ ಬಾಟಲಿಯ ತಳಕ್ಕೇ ಅಂಟಿ, ನೀರು ಇರುವುದಕ್ಕಿಂತ ಒಳ್ಳೆಯದೆಂಬ ಸುಳ್ಳು ವರದಿ ಬರುತ್ತದೆ. ಫಿಲ್ಟರಿನಿಂದ ತೆಗೆದ ಕೆಸರನ್ನು ಕೆರೆಯ ದಂಡೆಗೋ ಗೊಬ್ಬರದ ಗುಂಡಿಗೋ ಚೆಲ್ಲುವುದೂ ಅಷ್ಟೇ ಅಪಾಯಕಾರಿ; ಗಾಳಿಯಾಡದ ಕೊಳೆತ ಜಾಗದಲ್ಲಿ ಆ ತುಕ್ಕು ಮತ್ತೆ ಕರಗಿ, ಹಿಡಿದಿದ್ದನ್ನು ಬಿಡುತ್ತದೆ.

ಇನ್ನು ಆಳದ ಕೆಂಪು ಮರಳನ್ನೇ ನೆಚ್ಚಿಕೊಳ್ಳುವುದು ಎಷ್ಟು ಕಾಲ ಎಂಬ ಪ್ರಶ್ನೆ. ವಿಯೆಟ್ನಾಮಿನ ಹನೋಯ್ ಬಳಿಯ ವಾನ್ ಫುಕ್ ಎಂಬ ಹಳ್ಳಿಯಲ್ಲಿ ಒಂದು ಪಕ್ಕ ಬೂದು ಮರಳು, ಇನ್ನೊಂದು ಪಕ್ಕ ಕಿತ್ತಳೆ ಮರಳು ಇದೆ. ನಗರವು ದಶಕಗಳ ಕಾಲ ನೀರೆತ್ತಿದ್ದರಿಂದ ನೆಲದಡಿಯ ನೀರು ಬೂದು ಕಡೆಯಿಂದ ಕಿತ್ತಳೆಯ ಕಡೆಗೆ ಹರಿಯತೊಡಗಿತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆರ್ಸೆನಿಕ್ಕಿನ ಗಡಿ ಕಿತ್ತಳೆ ಮರಳಿನೊಳಗೆ ಸುಮಾರು 120 ಮೀಟರ್ ಮುಂದೆ ಬಂದಿತ್ತು, ನೀರು ಚಲಿಸಿದ್ದಕ್ಕಿಂತ 16ರಿಂದ 20 ಪಟ್ಟು ನಿಧಾನವಾಗಿ. ಅಷ್ಟು ವರ್ಷ ಅದನ್ನು ತಡೆದು ನಿಲ್ಲಿಸಿದ್ದು ಕಣಗಳ ಮೇಲಿನ ಪೊರೆ. ಆ ಗಡಿಯ ಹಿಂದಿನ ಮರಳು ಮಾತ್ರ ಆಗಲೇ ಬೂದಾಗಿತ್ತು.